ಫ್ಯಾಮಿಲಿ ಅಂತ ಕರೆದ ಮೇಲೆ

ಇವತ್ತಿನ ವಾಕ್ಯಭಾಗ ಮಾರ್ಕನ ಸುವಾರ್ತೆ 5ನೇ ಅಧ್ಯಾಯ, 21ನೇ ವಚನದಿಂದ ಕೊನೆಯವರೆಗೆ. ತೆರೆದು ಇಟ್ಕೊಳ್ಳಿ. ಮೊಬೈಲ್‌ನಲ್ಲಿ ಸತ್ಯವೇದ ಓದುವವರು ಸ್ವಲ್ಪ ಹೊತ್ತು ನೋಟಿಫಿಕೇಶನ್ ಆಫ್ ಮಾಡಿ. ಇವತ್ತು ನಾನು ಮಾತಾಡ್ತಿರೋದೇ ಅಲ್ಲಿಂದ ನಮ್ಮನ್ನು ಕರೆಯುವವರ ಬಗ್ಗೆ.

ನಾವು ನೋಡುವ ವಿಡಿಯೊಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ. "ನೀವು ನನಗೆ ಬರೀ ಸಬ್‌ಸ್ಕ್ರೈಬರ್ಸ್ ಅಲ್ಲ, ನನ್ನ ಫ್ಯಾಮಿಲಿ." ಅಡುಗೆ ಮಾಡುವವರು ಹೇಳ್ತಾರೆ, ಬೈಕ್‌ನಲ್ಲಿ ಲಡಾಖ್‌ಗೆ ಹೋಗುವವರು ಹೇಳ್ತಾರೆ, ಹೊಸ ಮೊಬೈಲ್‌ನ ಡಬ್ಬ ಬಿಚ್ಚಿ ತೋರಿಸುವವರೂ ಹೇಳ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆ ಮಾತು ಸುಳ್ಳಾ? ಮುಖ ನೋಡದ, ಹೆಸರೇ ಗೊತ್ತಿಲ್ಲದ ಲಕ್ಷ ಜನರನ್ನು ಕುಟುಂಬ ಅಂತ ಕರೆಯಬಹುದಾ? ಕರೆದ ಮೇಲೆ ಕರೆದವನ ತಲೆ ಮೇಲೆ ಏನಾದರೂ ಸಾಲ ಬೀಳುತ್ತಾ? ನಮ್ಮ ಯುವಕೂಟದಲ್ಲಿ ಚಾನೆಲ್ ನಡೆಸುವವರು ಒಬ್ಬಿಬ್ಬರಲ್ಲ. ಚಾನೆಲ್ ನೋಡದವರಂತೂ ಒಬ್ಬರೂ ಇಲ್ಲ. ಹಾಗಾಗಿ ಇದು ಬೇರೆ ಯಾರದೋ ವಿಷಯ ಅಂತ ತಪ್ಪಿಸಿಕೊಳ್ಳೋಕೆ ಆಗಲ್ಲ.

ಜನರನ್ನು ಹೀಗೆ ಕರೆಯೋದು ಹೊಸದೇನೂ ಅಲ್ಲ. ಡಾ. ರಾಜ್‌ಕುಮಾರ್ ತಮ್ಮನ್ನು ನೋಡಲು ಬಂದವರನ್ನು 'ಅಭಿಮಾನಿ ದೇವರುಗಳು' ಅಂತ ಕರೀತಿದ್ರು. ಈಗ 'ಡಾ. ಬ್ರೋ' ಅನ್ನೋ ಹೆಸರಿನಲ್ಲಿ ದೇಶ ದೇಶ ಸುತ್ತಿ ಕನ್ನಡದಲ್ಲಿ ತೋರಿಸುವ ಗಗನ್ ಶ್ರೀನಿವಾಸ್ 'ನಮಸ್ಕಾರ ದೇವ್ರು' ಅಂತ ಶುರು ಮಾಡ್ತಾರೆ. ವಿಶ್ವಾಸಿಗಳಲ್ಲಿ ಕೆಲವರಿಗೆ ಈ ಪದ ಕೇಳಿದರೆ ಕಸಿವಿಸಿ. ಬೆಂಗಳೂರಿನ ಮಾತಿನಲ್ಲಿ 'ದೇವ್ರು', 'ಗುರು', 'ಬಾಸ್' ಎಲ್ಲ ಸಲುಗೆಯ ಪದಗಳು. ಅದರಲ್ಲಿ ದೇವದೂಷಣೆ ಹುಡುಕೋಕೆ ಹೋಗಬೇಡಿ, ಹುಡುಕೋಕೆ ಬೇರೆ ಎಷ್ಟೋ ಜಾಗ ಇದೆ. ನಾನು ಗಮನಿಸಿದ್ದು ಬೇರೆ ಸಂಗತಿ. ರಾಜ್‌ಕುಮಾರ್ ಕರೆದದ್ದು ಬಹುವಚನದಲ್ಲಿ, ಎದುರಿಗೆ ಜನಸಾಗರ ನಿಂತಾಗ. ಡಾ. ಬ್ರೋ ಕರೆಯೋದು ಏಕವಚನದಲ್ಲಿ. ಪಿ.ಜಿ.ಯ ಮಂಚದ ಮೇಲೆ ಇಯರ್‌ಫೋನ್ ಹಾಕಿಕೊಂಡು ಮಲಗಿರುವ ಒಬ್ಬ ಹುಡುಗನಿಗೆ ಅದು ತನ್ನೊಬ್ಬನನ್ನೇ ಕರೆದ ಹಾಗೆ ಕೇಳಿಸುತ್ತೆ. ಆವತ್ತು ಬೆಳಗ್ಗಿಂದ ಅವನನ್ನು ಯಾರೂ ಕರೆದಿಲ್ಲದೆಯೂ ಇರಬಹುದು.

1956ರಲ್ಲಿ, ಅಮೆರಿಕದ ಮನೆಗಳಿಗೆ ಟಿ.ವಿ. ಇನ್ನೂ ಹೊಸದಾಗಿದ್ದಾಗಲೇ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಪಂಡಿತರು ಇದನ್ನು ಗುರುತಿಸಿ 'ಪ್ಯಾರಾಸೋಷಿಯಲ್' ಎಂಬ ಹೆಸರಿಟ್ಟರು. ಪರದೆಯ ಮೇಲಿನವನು ಕ್ಯಾಮೆರಾ ನೋಡಿ ಗೆಳೆಯನ ಹಾಗೆ ಮಾತಾಡ್ತಾನೆ. ನೋಡುವವನಿಗೆ ಅವನು ಪರಿಚಯದವನು. ಆದರೆ ಅವನಿಗೆ ನೋಡುವವನ ಪರಿಚಯವೇ ಇಲ್ಲ. ಅಂದರೆ ಒಂದು ಕಡೆಯಿಂದ ಮಾತ್ರ ಇರುವ ಸ್ನೇಹ. ಅವರು ಬರೆದ ಕಾಲಕ್ಕೆ ಇದು ಸರಿ. ಈಗ ಪೂರ್ತಿ ಒಂದೇ ಕಡೆಯದ್ದು ಅನ್ನೋಕೆ ಆಗಲ್ಲ. ಕಮೆಂಟ್ ಇದೆ, ಲೈವ್ ಚಾಟ್ ಇದೆ, "ಮುಂದೆ ಯಾವ ಊರಿಗೆ ಹೋಗಲಿ" ಅಂತ ವೋಟ್ ಹಾಕಿಸೋದಿದೆ, ಒಳ್ಳೆ ಕಮೆಂಟನ್ನು ಮೇಲಕ್ಕೆ ಪಿನ್ ಮಾಡೋದಿದೆ. ನೀವು ಬರೆದ ಸಾಲಿನ ಪಕ್ಕ ಒಂದು ಸಣ್ಣ ಕೆಂಪು ಹಾರ್ಟ್ ಬಂದರೆ ಸಾಕು, ಅವರು ನನ್ನನ್ನು ನೋಡಿದರು ಅನ್ನಿಸುತ್ತೆ. ನಿಜಕ್ಕೂ ನೋಡಿದ್ದಾರೆ, ಅರ್ಧ ಸೆಕೆಂಡ್. ಪೂರ್ತಿ ಸುಳ್ಳಾಗಿದ್ದರೆ ಬಿಡೋದು ಸುಲಭವಿತ್ತು. ಇದು ಅರ್ಧ ನಿಜ, ಅದಕ್ಕೇ ಕಷ್ಟ.

ಕೋಡಿಯಲ್ಲಿ ನಮ್ಮ ಆರಾಧನೆಗೆ ಬರುವ ಒಬ್ಬ ತಮ್ಮ ಇದ್ದಾನೆ. ಹೆಸರು ಬೇಡ ಅಂದಿದ್ದಾನೆ. ಗಂಗೊಳ್ಳಿ ಅಳಿವೆಯಲ್ಲಿ ಬೋಟು ಒಳಗೆ ಬರೋದು, ಸೀವಾಕ್ ಮೇಲೆ ಸಂಜೆ ಗಾಳ ಹಾಕುವವರು, ಕಡಲಾಮೆ ಮೊಟ್ಟೆ ಇಟ್ಟ ಜಾಗಕ್ಕೆ ಬೇಲಿ ಕಟ್ಟಿದ್ದು, ಅವನ ಅಮ್ಮ ಬಂಗುಡೆ ಸಾರು ಮಾಡೋದು, ಇಷ್ಟೇ ಅವನ ವಿಡಿಯೊ. ಮಾತೆಲ್ಲ ಕುಂದಾಪ್ರ ಕನ್ನಡ. "ಹ್ವಾಯ್, ಹ್ಯಾಂಗಿದ್ರಿ?" ಅಂತ ಶುರು. ನೋಡುವವರಲ್ಲಿ ಇಲ್ಲಿಯವರು ಕಡಿಮೆ. ಬೆಂಗಳೂರು, ಮುಂಬೈಯ ಹೋಟೆಲು, ಬೇಕರಿಗಳಲ್ಲಿ ದುಡಿಯುವ ನಮ್ಮ ಕಡೆಯವರು, ಗಲ್ಫಿನಲ್ಲಿ ಇರುವವರು, ರಾತ್ರಿ ಶಟರ್ ಎಳೆದ ಮೇಲೆ ನೋಡ್ತಾರೆ. ಅವರಿಗೆ ಬೇಕಾಗಿರೋದು ಬಂಗುಡೆ ಅಲ್ಲ, ಆ ಭಾಷೆ.

ಅವರಲ್ಲಿ ಒಬ್ಬರು ಪ್ರತಿ ವಿಡಿಯೊ ಕೆಳಗೆ ಒಂದು ಸಾಲು ಬರೀತಿದ್ರಂತೆ. ಹೆಸರಿನ ಜಾಗದಲ್ಲಿ ಒಂದಷ್ಟು ಅಂಕಿಗಳು, ಚಿತ್ರದಲ್ಲಿ ಒಂದು ದೋಣಿ. "ಅಮ್ಮನಿಗೆ ನಮಸ್ಕಾರ ಹೇಳಿ." "ಗಾಳಿ ಬದಲಾಯ್ತಾ?" ಹೀಗೆ ಎರಡು ವರ್ಷ. ಆಮೇಲೆ ನಿಂತುಹೋಯಿತು. ಒಂದು ತಿಂಗಳು ಕಾದು ಈ ಹುಡುಗ ನನ್ನ ಹತ್ತಿರ ಬಂದ. "ಪಾಸ್ಟ್ರೇ, ಆ ಅಜ್ಜ್ರ್ ಎಲ್ಲಿದ್ರ್ ಅಂದೇಳಿ ಹ್ಯಾಂಗೆ ಹುಡ್ಕುದ್? ಅವ್ರ್ ಅಜ್ಜ್ರ್ ಹೌದೋ ಅಲ್ದೋ ಅಂದೇಳಿಯೂ ಗೊತ್ತಿಲ್ಲೆ."

ಈ ಚಿಂತೆಯನ್ನು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಚಾನೆಲ್‌ನ ಅನಾಲಿಟಿಕ್ಸ್ ತೆರೆದರೆ ವಾಚ್ ಟೈಮ್ ಕಾಣುತ್ತೆ, ನೋಡಿದವರ ವಯಸ್ಸು, ದೇಶ ಕಾಣುತ್ತೆ, ಎಷ್ಟನೇ ಸೆಕೆಂಡಿಗೆ ಜನ ಎದ್ದುಹೋದರು ಅನ್ನೋದೂ ಕಾಣುತ್ತೆ. ದಿನಾ ಬರುತ್ತಿದ್ದ ಒಬ್ಬ ಮನುಷ್ಯ ಇವತ್ತು ಬರಲಿಲ್ಲ ಅನ್ನೋದು ಮಾತ್ರ ಅದರಲ್ಲಿ ಕಾಣಲ್ಲ.

ಈಗ ವಾಕ್ಯಕ್ಕೆ ಬನ್ನಿ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಯೇಸು ಅವನ ಮನೆಗೆ ಹೊರಟಿದ್ದಾನೆ. ದಾರಿ ತುಂಬ ಜನ, ಮೈಮೇಲೆ ಬೀಳುವಷ್ಟು ನೂಕುನುಗ್ಗಲು. ನಮ್ಮ ಲೆಕ್ಕದಲ್ಲಿ ಒಳ್ಳೇ ವ್ಯೂಸ್. ಆ ಗುಂಪಿನಲ್ಲಿ 12 ವರ್ಷದಿಂದ ರಕ್ತಕುಸುಮ ರೋಗದಿಂದ ನರಳುತ್ತಿದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಅವನ ಉಡುಪನ್ನು ಮುಟ್ಟಿದಳು. ಕರ್ತನು ನಿಂತ. ಯಾರು ಮುಟ್ಟಿದ್ದು ಅಂತ ಕೇಳಿದ. ಶಿಷ್ಯರಿಗೆ ಇದು ವಿಚಿತ್ರ ಅನ್ನಿಸಿತು. ಇಷ್ಟು ಜನ ಮೈಮೇಲೆ ಬೀಳ್ತಿರುವಾಗ ಯಾರು ಮುಟ್ಟಿದ್ದು ಅಂದರೆ ಏನು ಹೇಳೋದು? ಶಿಷ್ಯರು ಗುಂಪು ನೋಡ್ತಿದ್ದರು, ಅವನು ಒಬ್ಬಳನ್ನು ಹುಡುಕುತ್ತಿದ್ದ.

ನಾನು ಬೈಬಲ್ ಕಾಲೇಜಿನಲ್ಲಿದ್ದಾಗ ಈ ಭಾಗದಲ್ಲಿ ಎಲ್ಲರೂ ಸ್ವಸ್ಥತೆಯ ಬಗ್ಗೆ ಬೋಧಿಸುತ್ತಿದ್ದರು. ಅದು ಸರಿಯೇ, ನಾವು ಪೆಂಟೆಕೋಸ್ಟಿನವರು ಅದನ್ನು ಬಿಡೋದಿಲ್ಲ. ಆದರೆ ಇವತ್ತು ಮಾತಿನ ಕ್ರಮ ನೋಡಿ. ಮೊದಲು ಅವನು ನಿಂತ. ಆಮೇಲೆ ಹುಡುಕಿದ. ಅವಳು ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳುವವರೆಗೆ ಕೇಳಿದ. ಇಷ್ಟೆಲ್ಲ ಆದ ಮೇಲೆ 'ಮಗಳೇ' ಅಂತ ಕರೆದ. ಕುಟುಂಬದ ಪದ ಕೊನೆಗೆ ಬಂತು. ನಮ್ಮ ವಿಡಿಯೊಗಳಲ್ಲಿ ಅದು ಮೊದಲನೇ ಸೆಕೆಂಡಿಗೇ ಬರುತ್ತೆ, ಇಂಟ್ರೋ ಮ್ಯೂಸಿಕ್ ಜೊತೆಗೆ. ನಿಲ್ಲೋದು, ಹುಡುಕೋದು, ಕೇಳೋದು ಆಮೇಲೆ ಆಗುತ್ತಾ? ಆದರೆ ಮಾತು ಸುಳ್ಳಲ್ಲ, ಮುಂಗಡವಾಗಿ ತಗೊಂಡ ಸಾಲ ಅಂತ ಇಟ್ಕೊಳ್ಳೋಣ. ಆಗದೇ ಹೋದರೆ ಅದು ಬರೀ ಇಂಟ್ರೋ.

ಇನ್ನೊಂದು ಸಂಗತಿಯನ್ನೂ ಮರೀಬೇಡಿ, ಇದು ಚಾನೆಲ್ ನಡೆಸುವವರಿಗೆ ಸಮಾಧಾನ. ಆ ದಿನ ಗುಂಪಿನಲ್ಲಿದ್ದ ಎಲ್ಲರನ್ನೂ ಕರ್ತನು ನಿಲ್ಲಿಸಿ ವಿಚಾರಿಸಿದ ಅಂತ ಬರೆದಿಲ್ಲ. ಹತ್ತು ಸಾವಿರ ಕಮೆಂಟಿಗೆ ಉತ್ತರ ಕೊಡು ಅಂತ ನಿಮ್ಮನ್ನು ಯಾರೂ ಕೇಳ್ತಿಲ್ಲ. ಯಾಯೀರ ಪಕ್ಕದಲ್ಲಿ ನಿಂತು ಕಾಯ್ತಿದ್ದ ಅನ್ನೋದೂ ನೆನಪಿರಲಿ. ನಾನು ಕಮೆಂಟಿಗೆ ಉತ್ತರ ಕೊಡ್ತಾ ಕೂತಾಗ ಯಾರ ಮನೆ ಕಾಯ್ತಾ ಇದೆ? ಊಟ ಬಡಿಸಿಟ್ಟು ಅಮ್ಮ ಮೂರು ಸಲ ಕರೆದಿರ್ತಾರೆ. ಕರ್ತನು ನಿಂತದ್ದೂ ನಿಜ, ಆಮೇಲೆ ಯಾಯೀರನ ಮನೆಗೆ ಹೋದದ್ದೂ ನಿಜ. ಅವನು ಎರಡನ್ನೂ ಮಾಡಿದ. ನಮಗೆ ಎರಡೂ ಪೂರ್ತಿ ಆಗಲ್ಲ, ಒಪ್ಪಿಕೊಳ್ಳಬೇಕು.

ದುಡ್ಡಿನ ವಿಷಯ ಬಿಟ್ಟು ಈ ಮಾತು ಪೂರ್ತಿಯಾಗಲ್ಲ. 2017ರಲ್ಲಿ ಯೂಟ್ಯೂಬ್ 'ಸೂಪರ್ ಚಾಟ್' ತಂದಿತು. ಲೈವ್ ನಡೆಯುವಾಗ ದುಡ್ಡು ಕೊಟ್ಟರೆ ನಿಮ್ಮ ಮಾತಿಗೆ ಬಣ್ಣ ಬರುತ್ತೆ. ಹೆಚ್ಚು ಕೊಟ್ಟಷ್ಟೂ ಬಣ್ಣ ಬದಲಾಗುತ್ತೆ, ಹೆಚ್ಚು ಹೊತ್ತು ಮೇಲೆ ನಿಲ್ಲುತ್ತೆ. ಕ್ರಿಯೇಟರ್ ಅದನ್ನು ನೋಡಿ ನಿಮ್ಮ ಹೆಸರು ಓದ್ತಾರೆ. ಕೆಲಸಕ್ಕೆ ಕೂಲಿ ತಪ್ಪಲ್ಲ. ಕ್ಯಾಮೆರಾ, ಪೆಟ್ರೋಲು, ಎಡಿಟಿಂಗು ಯಾವುದೂ ಬಿಟ್ಟಿ ಬರಲ್ಲ. ಆದರೆ ಹೆಸರು ಹಿಡಿದು ಕರೆಯೋದಕ್ಕೆ ದರಪಟ್ಟಿ ಹಾಕಿದರೆ ಆ ಮನೆಯಲ್ಲಿ ಬಡವನಿಗೆ ಹೆಸರೇ ಇರೋದಿಲ್ಲ. ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ ಕೊಟ್ಟು ಬಡವನನ್ನು ಕಾಲಬುಡದಲ್ಲಿ ಕೂರಿಸುವವರ ಬಗ್ಗೆ ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಎಷ್ಟು ಖಾರವಾಗಿ ಬರೆದಿದ್ದಾನೆ ಅಂತ ಓದಿ ನೋಡಿ. ಇದನ್ನು ಯೂಟ್ಯೂಬರ್‌ಗಳಿಗೆ ಮಾತ್ರ ಹೇಳಿ ಸಭೆಯನ್ನು ಬಿಟ್ಟರೆ ಅನ್ಯಾಯ. ಆರಾಧನೆಯ ಲೈವ್‌ನಲ್ಲಿ ಕಾಣಿಕೆ ಕಳಿಸಿದವರ ಪ್ರಾರ್ಥನೆ ವಿಷಯವನ್ನೇ ಮೊದಲು ಓದುವ ಆಸೆ ಎಲ್ಲರಿಗೂ ಬರುತ್ತೆ. ನಮ್ಮಲ್ಲಿ ಹೆಸರುಗಳನ್ನು ಒಂದು ಪಟ್ಟಿ ಮಾಡಿ ಓದುತ್ತೇವೆ. ಆ ಪಟ್ಟಿ ಓದುವ ಸಹೋದರಿಗೆ ಯಾರು ಎಷ್ಟು ಕಳಿಸಿದರು ಅಂತ ಗೊತ್ತಿರೋದಿಲ್ಲ. ಹಾಗೇ ಇರಬೇಕು.

ಸಂಪರ್ಕ ಯಾರ ಕೈಯಲ್ಲಿದೆ ಅನ್ನೋದೂ ಒಂದು ಪ್ರಶ್ನೆ. 2020ರ ಜೂನ್ 29ಕ್ಕೆ ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಸಣ್ಣ ಊರುಗಳಲ್ಲಿ ಗದ್ದೆ ಬದಿಯಲ್ಲಿ ಕುಣಿದು, ಅಡುಗೆಮನೆಯಲ್ಲಿ ನಟಿಸಿ ಸಾವಿರಾರು ಜನರನ್ನು ಸಂಪಾದಿಸಿದವರು ಏಕಾಏಕಿ ಒಂಟಿಯಾದರು. ನಿಷೇಧ ಸರಿಯೋ ತಪ್ಪೋ ಅನ್ನೋದು ಇಲ್ಲಿ ನನ್ನ ವಿಷಯ ಅಲ್ಲ. ಕೆಲವರು ರೀಲ್ಸ್‌ಗೆ ಬಂದರು, ಕೆಲವರು ಶಾರ್ಟ್ಸ್‌ಗೆ ಬಂದರು, ಎಷ್ಟೋ ಜನ ಬರಲೇ ಇಲ್ಲ. ಅಭಿಮಾನಿಗಳ ಹೆಸರು, ವಿಳಾಸ ಏನಾದರೂ ಅವರ ಹತ್ತಿರ ಇತ್ತಾ? ಇರಲಿಲ್ಲ. ಅದು ಕಂಪನಿಯ ಹತ್ತಿರ ಇತ್ತು. ಕುಟುಂಬದವರ ವಿಳಾಸ ಮೂರನೆಯವರ ಬೀರುವಿನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಚಾನೆಲ್ ಇಲ್ಲಿಗೆ ಬಂದಾಗ ಸಭೆಗಳವರೂ ಕ್ರಿಯೇಟರ್‌ಗಳೂ ಅದಕ್ಕೆ ಸೇರಿದೆವು. ಉಪಯೋಗ ಇದೆ, ಕೂಟದ ಸಮಯ ತಿಳಿಸೋಕೆ ಬಹಳ ಸುಲಭ. ಆದರೆ ಅದರಲ್ಲಿ ಒಬ್ಬರು ಹೇಳ್ತಾರೆ, ಉಳಿದವರು ಎಮೋಜಿ ಒತ್ತುತ್ತಾರೆ. ಅಮ್ಮನಿಗೆ ಹುಷಾರಿಲ್ಲ ಅಂತ ಅಲ್ಲಿ ಯಾರೂ ಬರೆಯೋಕೆ ಆಗಲ್ಲ.

ಯೋಹಾನನ ಮೂರನೆಯ ಪತ್ರಿಕೆ ನೋಡಿ. ಒಂದೇ ಪುಟ, ಬಸ್ಸಿಗೆ ಕಾಯುವಾಗ ಓದಿ ಮುಗಿಸಬಹುದು. ಗಾಯ ಎಂಬ ಒಬ್ಬ ಸ್ನೇಹಿತನಿಗೆ ಬರೆದದ್ದು, ಆಮೇಲೆ ಲೋಕವೇ ಓದಿತು. ಅದರಲ್ಲಿ ದಿಯೊತ್ರೇಫ ಅಂತ ಒಬ್ಬ ಬರ್ತಾನೆ. ಅವನಿಗೆ ಸಭೆಯಲ್ಲಿ ತಾನೇ ಮೊದಲಿಗನಾಗಿರಬೇಕು. ಬಂದ ಸಹೋದರರನ್ನು ಸೇರಿಸಲ್ಲ, ಸೇರಿಸುವವರನ್ನೂ ತಡೀತಾನೆ. ಅಂದರೆ ಎಲ್ಲರ ಕಣ್ಣೂ ತನ್ನ ಕಡೆಗೇ ಇರಬೇಕು, ಒಬ್ಬರ ಕಡೆಗೊಬ್ಬರು ತಿರುಗಬಾರದು. ಅದೇ ಪತ್ರದ ಕೊನೆಯಲ್ಲಿ ಬರೆದ ಹಿರಿಯನು, ಮಸಿ ಲೇಖನಿಯಿಂದ ಬರೆಯೋಕೆ ಇನ್ನೂ ಎಷ್ಟೋ ಇದೆ, ಆದರೆ ಬೇಗ ಬಂದು ಮುಖಾಮುಖಿ ಮಾತಾಡ್ತೇನೆ ಅಂತಾನೆ. ಮತ್ತೆ ಅಲ್ಲಿರುವ ಸ್ನೇಹಿತರಿಗೆ ಹೆಸರು ಹೆಸರಾಗಿ ವಂದನೆ ಹೇಳು ಅಂತಾನೆ. ಹೇಳಬೇಕಾದವನು ಗಾಯ. ಹಿರಿಯನೇ ಎಲ್ಲರ ಹೆಸರು ಕರೆಯಬೇಕು ಅಂತ ಇಲ್ಲ, ಅವನ ಮಾತು ಕೇಳಿದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದರೂ ಸಂಪರ್ಕ ಉಳಿಯುತ್ತೆ.

ಇದು ಹೊರಗಿನ ಲೋಕದಲ್ಲೂ ನಡೆದಿದೆ. ಅಮೆರಿಕದ ಜಾನ್ ಗ್ರೀನ್, ಹ್ಯಾಂಕ್ ಗ್ರೀನ್ ಎಂಬ ಅಣ್ಣತಮ್ಮಂದಿರು 2007ರ ಜನವರಿ 1ರಿಂದ ಒಂದು ವರ್ಷ ಬರಹದ ಮೆಸೇಜ್ ಬಿಟ್ಟು ಬರೀ ವಿಡಿಯೊದಲ್ಲೇ ಒಬ್ಬರಿಗೊಬ್ಬರು ಮಾತಾಡೋದು ಅಂತ ಶುರು ಮಾಡಿದರು. ಜನ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಹಾಗೆ ಅದನ್ನು ನೋಡಿದರು. ಅದೇ ವರ್ಷದಿಂದ ನೋಡುವವರೇ ಸೇರಿ ದಾನಧರ್ಮಕ್ಕಾಗಿ ವಿಡಿಯೊ ಮಾಡುವ ಒಂದು ವಾರ್ಷಿಕ ಕಾರ್ಯಕ್ರಮ ನಡೆಸ್ತಿದ್ದಾರೆ. ಆ ಸಮುದಾಯದ ದುಡ್ಡು ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ತಾಯಿ ಮಕ್ಕಳ ಆಸ್ಪತ್ರೆ ಕಟ್ಟೋಕೂ ಹೋಗಿದೆ. ನಮ್ಮಲ್ಲೇ ನೋಡಿ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ತೀರಿಹೋದರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಕಣ್ಣುಗಳಿಂದ 4 ಜನರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸೋಕೆ ಅವರ ಅಭಿಮಾನಿಗಳು ಸಾಲು ನಿಂತರು. ಪುನೀತ್‌ಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ ಅಂತ ಇಟ್ಕೊಳ್ಳಿ, ಕಣ್ಣು ಪಡೆಯುವವನಿಗೆ ಅದರಿಂದ ಏನು ನಷ್ಟ?

ಕೋಡಿಯ ಹುಡುಗರಿಗೆ ಅರ್ಥ ಆಗುವ ಹಾಗೆ ಹೇಳ್ತೇನೆ. ಗಾಳದಲ್ಲಿ ಒಂದು ಕಡೆ ಒಬ್ಬ, ಇನ್ನೊಂದು ಕಡೆ ಒಂದು ಕೊಕ್ಕೆ. ಕೈರಂಪಣಿ ಹಾಗಲ್ಲ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರ್ತಾರೆ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಜನ ಹಿಡಿದು ಎಳೀತಾರೆ. ಹಗ್ಗ ಹಿಡಿದವನಿಗೆ ಪಾಲು ಇದೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಮರೆಯಾಯಿತು, ಸಣ್ಣದು ಉಳಿದಿದೆ. ಅಭಿಮಾನಿಗಳನ್ನು ಮೀನು ಅಂತ ನೋಡುವ ಚಾನೆಲ್ ಇದೆ, ಹಗ್ಗ ಹಿಡಿದವರು ಅಂತ ನೋಡುವ ಚಾನೆಲ್ ಇದೆ. ಕುಂದಾಪ್ರ ಕನ್ನಡದ ವಿಡಿಯೊ ಮಾಡುವವರಲ್ಲಿ ಈ ಎರಡನೇದು ಆಗೋದನ್ನು ನಾನು ಕಂಡಿದ್ದೇನೆ. 2019ರಿಂದ ಆಸಾಡಿ ಅಮಾವಾಸ್ಯೆಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸ್ತಾರೆ. ಮೊಬೈಲ್‌ನಲ್ಲಿ ಒಂಟಿಯಾಗಿ ನಗುತ್ತಿದ್ದವರು ಮೈದಾನಕ್ಕೆ ಬಂದು, "ನೀವ್ ಯಾವ್ ಬದಿಯವ್ರ್?" ಅಂತ ಒಬ್ಬರನ್ನೊಬ್ಬರು ಕೇಳ್ತಾರೆ. ದಿನ ಅಮಾವಾಸ್ಯೆ ಅಂತ ನಮ್ಮವರಲ್ಲಿ ಕೆಲವರಿಗೆ ಮುಜುಗರ ಇದೆ, ಅದರ ಬಗ್ಗೆ ಬೇಕಾದರೆ ಬೇರೆ ದಿನ ಮಾತಾಡೋಣ. ಭಾಷೆ ಮಾತ್ರ ನಮ್ಮ ಅಜ್ಜಿಯದ್ದೂ ಹೌದು.

ಇಷ್ಟು ಹೊತ್ತು ಚಾನೆಲ್ ನಡೆಸುವವರ ಕಡೆ ಮಾತಾಡಿದೆ. ಬೆಂಗಳೂರು, ಮಣಿಪಾಲದಲ್ಲಿ ಕೂತು ಇದನ್ನು ಓದುವ ಹೆಚ್ಚಿನವರು ನೋಡುವವರು. ನಿಮಗೂ ಒಂದು ಮಾತಿದೆ. ಅವರು ನಿಮ್ಮನ್ನು ಫ್ಯಾಮಿಲಿ ಅಂದರು ಅಂತ ಅವರ ಮನೆಯೊಳಗೆ ನುಗ್ಗಬೇಡಿ. ಮದುವೆ ಯಾವಾಗ, ದಪ್ಪ ಆಗಿದ್ದೀರಲ್ಲ, ಹೆಂಡತಿ ಯಾಕೆ ವಿಡಿಯೊದಲ್ಲಿ ಕಾಣ್ತಿಲ್ಲ, ಇದೆಲ್ಲ ಕೇಳೋ ಹಕ್ಕು ಆ ಪದದಿಂದ ಬರೋದಿಲ್ಲ. ಎರಡು ವಾರ ವಿಡಿಯೊ ಬರಲಿಲ್ಲ ಅಂದರೆ ಸಿಟ್ಟಾಗಬೇಡಿ, ಮನುಷ್ಯರಿಗೆ ಜ್ವರ ಬರುತ್ತೆ. ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನೀವು ದಿನಾ ನೋಡುವ ವ್ಲಾಗರ್‌ನ ನಾಯಿಯ ಹೆಸರು ನಿಮಗೆ ಗೊತ್ತು. ನಿಮ್ಮ ಪಿ.ಜಿ.ಯಲ್ಲಿ ಪಕ್ಕದ ಮಂಚದಲ್ಲಿ ಮಲಗುವವನ ಅಪ್ಪ ಏನು ಕೆಲಸ ಮಾಡ್ತಾರೆ ಗೊತ್ತಾ? ಭಾನುವಾರ ನಿಮ್ಮ ಹಿಂದಿನ ಸಾಲಿನಲ್ಲಿ ಒಬ್ಬರೇ ಬಂದು ಒಬ್ಬರೇ ಹೋಗುವ ಆ ಅಕ್ಕನ ಹೆಸರು?

ನಮ್ಮ ಹುಡುಗನಿಗೆ ನಾನು ಏನು ಹೇಳಬೇಕು ಅಂತ ಎರಡು ದಿನ ಯೋಚಿಸಿದೆ. ಎಲ್ಲರ ಮುಂದೆ ಅವರ ಬಗ್ಗೆ ಕೇಳಿದರೆ, ಸುಮ್ಮನಿರಬೇಕು ಅಂತ ಸುಮ್ಮನಾದವರನ್ನು ಬಯಲಿಗೆ ಎಳೆದ ಹಾಗೆ ಆಗಬಹುದು. ಕೇಳದಿದ್ದರೆ, ಬಿದ್ದವರನ್ನು ದಾಟಿ ಹೋದ ಹಾಗೆ ಆಗಬಹುದು. ಕರ್ತನು ಗುಂಪಿನ ನಡುವೆಯೇ ಕೇಳಿದ, ಆದರೆ ಮುಂದೆ ಬರೋದನ್ನು ಅವಳಿಗೇ ಬಿಟ್ಟ. ಅವನಿಗೂ ಅದನ್ನೇ ಹೇಳಿದೆ. ಅವನು ಒಣಮೀನಿನ ವಿಡಿಯೊದ ಕೊನೆಯಲ್ಲಿ ಒಂದೇ ಸಾಲು ಸೇರಿಸಿದ: "ದೋಣಿ ಚಿತ್ರ ಹಾಕಿದವ್ರೇ, ಅಮ್ಮ ಕೇಂತಾ ಇತ್ತ್." ಅಂಕಿ ಹೇಳಲಿಲ್ಲ, ಹಳೇ ಕಮೆಂಟ್ ತೋರಿಸಲಿಲ್ಲ.

ಅದರ ಕೆಳಗೆ ಬಂದ ಕಮೆಂಟ್‌ಗಳನ್ನು ಅವನು ನನಗೆ ತೋರಿಸಿದ. ನಾವೂ ಅವರ ಸಾಲನ್ನು ಕಾಯ್ತಿದ್ದೆವು ಅಂತ ಬರೆದವರು ಏಳೆಂಟು ಜನ. ಅವರು ಮುಂಬೈಯವರಿರಬೇಕು, ಮಳೆ ಬಗ್ಗೆ ಒಮ್ಮೆ ಬರೆದಿದ್ದರು ಅಂತ ಒಬ್ಬರು. ನಾನೂ ಮುಂಬೈಯಲ್ಲೇ ಇದ್ದೇನೆ, ನೀವು ಎಲ್ಲಿ ಅಂತ ಇನ್ನೊಬ್ಬರು. ಆ ಇಬ್ಬರು ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದಾರಂತೆ, ಈ ಭಾನುವಾರ ಭೇಟಿಯಾಗ್ತಾರಂತೆ. ದೋಣಿ ಚಿತ್ರದವರಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗನ ಅಮ್ಮ ರಾತ್ರಿ ಪಾತ್ರೆ ತೊಳೆದು ಬಂದು ದಿನಾ ಕೇಳ್ತಾರಂತೆ, ಬಂತಾ ಅಂತ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಇವತ್ತು ಪಟ್ಟಿಯಲ್ಲಿ ಮೊದಲು ಹೆಸರು ಗೊತ್ತಿಲ್ಲದ ಅವರಿಗಾಗಿ.